ತೂಗುಕೋಟೆಯ ಮುತ್ತಿಗೆ

ಎಲ್ಲದಕ್ಕೂ ಮೂಲ ಗೌರಾಬಾಯಿಯ ಹಲ್ಲುನೋವು.

ಬಿಂದುಮಾಧವ ರಾತ್ರಿಪಾಳಿ ಮುಗಿಸಿ, ಶನಿವಾರ ಪೇಠೆಯಲ್ಲಿ ಹತ್ತಾರು ಬಿಡಾರಗಳಿದ್ದ ತಮ್ಮ ವಾಡೆಗೆ ಬಂದಾಗ ಅವನ ಸೋದರತ್ತೆ ಗೌರಾಬಾಯಿ ಹಲ್ಲಿನ ಸಂದಿಯಲ್ಲಿ ಲವಂಗ ಒತ್ತಿಕೊಂಡು ನರಳುತ್ತಿದ್ದಳು. ಹೆಂಡತಿ ಹೆರಿಗೆಗೆಂದು ಬೆಳಗಾವಿಗೆ ಹೋಗಿದ್ದಳು. ಮಹಾಯುದ್ಧ ನಡೆದಿದ್ದ ಕಾಲವದು. ಅವನು ತಂತಿ ಕಳಿಸುವ ತಾರು ಕಚೇರಿಯಲ್ಲಿ ಯಂತ್ರಗಳ ಕಟಕಟ ನಿಲ್ಲುವ ಮಾತೇ ಇರಲಿಲ್ಲ. ಹಿಂದಿನ ವಾರ ಬಿಂದುಮಾಧವ ಕೂತಲ್ಲೇ ತೂಕಡಿಸಿ, ಯಾರದೋ ಮದುವೆಯ ಶುಭಾಶಯವನ್ನು ಶಿರೂರಿನಲ್ಲಿ ಸಾವಾದ ಮನೆಗೆ ಕಳಿಸಿಬಿಟ್ಟಿದ್ದ. ಇನ್ನೊಂದು ತಪ್ಪಾದರೆ ಮನೆಗೆ ಕಳಿಸುತ್ತೇನೆಂದು ಸಾಹೇಬ ಹೇಳಿಬಿಟ್ಟಿದ್ದ. ಈಗ ಅವನಿಗೆ ಬೇಕಾದದ್ದು ಹಾಸಿಗೆಯೊಂದೇ.

"ಬಿಂದ್ಯಾ, ಒಂದ ಕಥಿ ಹೇಳೋ. ನೋವರೆ ಮರೀತೇನಿ," ಎಂದಳು ಗೌರಾಬಾಯಿ.

ಎತ್ತಿ ಆಡಿಸಿದ ಅತ್ತೆ, ಇಲ್ಲವೆನ್ನಲಾಗಲಿಲ್ಲ. ಬಿಂದುಮಾಧವ ಮಂಚದ ಮೇಲೆ ಬಿದ್ದುಕೊಂಡೇ ಬಾಯಿಗೆ ಬಂದದ್ದನ್ನು ಹೇಳತೊಡಗಿದ. ರಾಕ್ಷಸನೊಬ್ಬ ಒಂದು ಕರಿಮೋಡಕ್ಕೆ ಸರಪಳಿ ಕಟ್ಟಿ, ತೊಟ್ಟಿಲಿನಂತೆ ಒಂದು ಕೋಟೆಯನ್ನು ತೂಗುಬಿಟ್ಟಿದ್ದ. ಕೋಟೆಯೊಳಗೆ ರಾಜಕುಮಾರಿ ಸೆರೆಯಲ್ಲಿದ್ದಳು. ಕೆಳಗೆ ರೆಕ್ಕೆಯ ಕುದುರೆಗಳ ಸೈನ್ಯ ಸಜ್ಜಾಗಿತ್ತು. "ಸೇನಾಪತಿ ಕತ್ತಿ ಹಿರಿದಾ. ಸೈನ್ಯದ ಕಡೆ ತಿರುಗಿದಾ. ತಿರುಗಿ..."

ಮುಂದೆ ಬಂದದ್ದು ಗೊರಕೆ.

ಗೌರಾಬಾಯಿ ಅವನ ಕಾಲಿನ ಹೆಬ್ಬೆರಳು ಜಗ್ಗಿದಳು. ಮರದ ಬೇರು ಜಗ್ಗಿದಂತಾಯಿತು. ತಡೆಯಲಾರದೆ ಅಂಗಳದ ನಳದ ಹತ್ತಿರ ಹೋಗಿ, ಕೊಡ ಹಿಡಿದು ನಿಂತಿದ್ದವರಿಗೆಲ್ಲ ಕತೆ ಒಪ್ಪಿಸಿ, "ಸೇನಾಪತಿ ಏನ ಮಾಡಿದ್ದಾನ್ರೀ?" ಎಂದು ಕೇಳಿದಳು.

ಸ್ವಲ್ಪ ಹೊತ್ತಿಗೆ ಬಿಂದುಮಾಧವನ ಭುಜವನ್ನು ಯಾರೋ ಅಲುಗಾಡಿಸಿದರು. ಪಿಂಚಣಿದಾರ ಹವಾಲ್ದಾರ ಶಿವರುದ್ರಪ್ಪ!

"ರಾಯರ, ಎಡಗಡೆಯಿಂದ ನುಗ್ಗಬೇಕ್ರಿ! ಬಲಕ್ಕ ಸುಮ್ನ ಡೋಲು ಬಾರಿಸಿ ರಾಕ್ಷಸನ ಲಕ್ಷ್ಯ ಸೆಳೀಬೇಕು. ಹೌದಲ್ರಿ?"

"ಹೌದ್ರಿ," ಎಂದು ಬಿಂದುಮಾಧವ ಮಗ್ಗುಲಾದ.

ಆ 'ಹೌದ್ರಿ' ಸಾಕಾಯಿತು. ಕೆಳಮನೆಯ ಜೋಳದ ವ್ಯಾಪಾರಿ ಗೂಳಪ್ಪ ಮೆಟ್ಟಿಲು ಹತ್ತಿ ಬಂದ. "ಅವರಿಗೆ ಹೌದಂದ್ರಂತ? ಮ್ಯಾಲೆ ತೂಗ್ಯಾಡೂ ಕ್ವಾಟಿಗೆ ಎಡಾ ಎಲ್ಲಿ, ಬಲಾ ಎಲ್ಲಿ? ಸುತ್ತ ಕುಂತು ಕಾಳ ಕಡಿ ಬಂದ್ ಮಾಡಬೇಕ್ರಿ. ಹೊಟ್ಟಿ ಹಸೀತಂದ್ರ ರಾಕ್ಷಸ ತಾನ ಬಾಗಲಾ ತಗೀತಾನ."

ಬಿಂದುಮಾಧವ ಅವನಿಗೂ ಹೌದೆಂದ. ರಾಕ್ಷಸನೇ ಬಂದು ಕೇಳಿದ್ದರೂ ಹೌದೆನ್ನುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ವಾಡೆ ಎರಡು ಪಾಳೆಯವಾಯಿತು. ಹವಾಲ್ದಾರ ಅಂಗಳದಲ್ಲಿ ರಂಗೋಲಿ ಹಿಟ್ಟಿನಿಂದ ನಕ್ಷೆ ಬರೆದ. ಗೂಳಪ್ಪ ಅದರ ಸುತ್ತ ಜೋಳದ ಚೀಲಗಳ ಮುತ್ತಿಗೆ ಹಾಕಿದ. ಎದುರುಮನೆಯ ಸುಲಭಾಬಾಯಿ ಕೊಡ ಕೆಳಗಿಟ್ಟು, "ಅಷ್ಟ್ಯಾಕ ಬಡದಾಡ್ತೀರಿ? ಮೋಡ ಮಳಿಯಾಗಿ ಸುರೀತಂದ್ರ ಕ್ವಾಟಿ ಹಿಡಿಯೂದು ಯಾವುದು? ಧಪ್ಪಂತ ಬೀಳ್ತದ," ಎಂದಳು. ಇಬ್ಬರೂ ಅವಳ ಮೇಲೆ ಹರಿಹಾಯ್ದರು. ಗೌರಾಬಾಯಿಗಂತೂ ರಾಕ್ಷಸನ ಬಗ್ಗೆಯೇ ಕನಿಕರ ಹುಟ್ಟಿತ್ತು. ಪಾಪ, ಅವನಿಗೂ ಒಬ್ಬ ತಾಯಿ ಇರಬೇಕಲ್ಲ ಎಂದು ಕಣ್ಣೊರೆಸಿಕೊಂಡಳು.

ಮಾತು ಮೀರಿ ಹವಾಲ್ದಾರ ಒಂದು ಚೀಲ ಒದ್ದ. ಗೂಳಪ್ಪ ನಕ್ಷೆಯ ಅರ್ಧವನ್ನು ಧೋತರದ ಅಂಚಿನಿಂದ ಒರೆಸಿದ. ಕೊನೆಗೆ ನ್ಯಾಯ ಹೇಳಿಸಲೆಂದು ಜನ ಬಿಂದುಮಾಧವನನ್ನು ಮಂಚದ ಸಮೇತ ಹೊತ್ತು ಅಂಗಳಕ್ಕೆ ತಂದು ಬಿಸಿಲಿಗಿಟ್ಟರು, ಹಪ್ಪಳ ಇಟ್ಟಂತೆ.

ಕಣ್ಣು ಬಿಟ್ಟರೆ ಸುತ್ತ ಮುಖಗಳು. ಬಿಂದುಮಾಧವನಿಗೆ ಅಳುವೇ ಬಂತು.

"ನಿಮ್ಮ ಕಾಲಿಗೆ ಬೀಳ್ತೇನ್ರಪಾ, ನನಗ ಮಲಗಲಿಕ್ಕೆ ಬಿಡ್ರಿ. ನಿದ್ದಿ ಆದ್ರ ಯುದ್ಧ ನಾನ ಮುಗಸ್ತೇನಿ. ನಿದ್ದಿ ಇಲ್ಲಂದ್ರ ಸೇನಾಪತೀನೂ ಇಲ್ಲ, ಕುದುರೀನೂ ಇಲ್ಲ!"

ಹವಾಲ್ದಾರ ಎದ್ದು ನಿಂತ. "ಖರೇ ಅದ. ರಾಯರ ನಿದ್ದಿ ಕಾಯೂದು ಈಗ ನಮ್ಮ ಜವಾಬ್ದಾರಿ."

ಮಂಚ ಮರಳಿ ಒಳಗೆ ಹೋಯಿತು. ಬಿಂದುಮಾಧವ ಪಾಳಿಗೆ ಏಳಲೆಂದು ಗಡಿಯಾರಕ್ಕೆ ಸಂಜೆಯ ಗಂಟೆ ಇಟ್ಟು, ತಲೆದಿಂಬಿನ ಪಕ್ಕದಲ್ಲಿರಿಸಿ ಮಲಗಿದ. ಹೊರಗೆ ಒಂದು ಸೌಟಿನ ಸದ್ದೂ ಇರಲಿಲ್ಲ. ಬಾವಿಗೆ ಬಿದ್ದ ಕಲ್ಲಿನಂತೆ ನಿದ್ದೆಯಲ್ಲಿ ಮುಳುಗಿದ.

ಎಚ್ಚರವಾದಾಗ ಕಿಟಕಿಯಲ್ಲಿ ಎಳೆಯ ಬೆಳಕಿತ್ತು. ಎಷ್ಟೋ ತಿಂಗಳ ದಣಿವು ಇಳಿದು ಮೈ ಅರಳೆಯಂತೆ ಹಗುರಾಗಿತ್ತು. ಎಂಥ ಚೆಂದದ ಸಂಜೆ ಎಂದುಕೊಂಡ. ಅಷ್ಟರಲ್ಲಿ ಹಾಲಿನವನ ಕೂಗು ಕೇಳಿಸಿತು. ಹಾಲಿನವನು ಬರುವುದು ಬೆಳಿಗ್ಗೆ ಮಾತ್ರ.

ಬಿಂದುಮಾಧವ ಹಾರಿ ಬಾಗಿಲು ತೆಗೆದ. ಹೊಸ್ತಿಲಾಚೆ ಹವಾಲ್ದಾರ, ಹಳೆಯ ಖಾಕಿ ಕೋಟು ತೊಟ್ಟು, ಹೆಗಲಿಗೆ ಕೋಲು ಕೊಟ್ಟು ನಿಂತಿದ್ದ. ಸಲಾಮು ಹೊಡೆದ.

"ರಾತ್ರಿ ಪೂರಾ ಒಂದ ನೊಣಾ ಒಳಗ ಬಿಟ್ಟಿಲ್ರಿ!"

"ಗಡಿಯಾರ ಎಲ್ರಿ?"

"ಟಿಕ್ ಟಿಕ್ ಸಪ್ಪಳಕ್ಕ ನಿಮಗ ತ್ರಾಸ ಆಗ್ತದಂತ ಜ್ವಾಳದ ಚೀಲದಾಗ ಹೂತಿಟ್ಟೇವ್ರಿ."

ಬಿಂದುಮಾಧವ ಅಂಗಿಗೆ ಕೈ ಹಾಕಿದ. "ಕಚೇರಿಯಿಂದ ಯಾರೂ ಬರಲಿಲ್ಲೇನು?"

"ಬಂದಿದ್ದ್ರಿ ಒಬ್ಬಾಂವ. ಕಚೇರಿ ಸಿಪಾಯಿ ಅಂದ. ಸಿಪಾಯಿ ಅಂದಮ್ಯಾಲೆ ಒಳಗ ಹ್ಯಾಂಗ ಬಿಡೂದ್ರಿ? 'ರಾಯರನ್ನ ಈಗಿಂದೀಗ ಕರಕೊಂಡ ಬಾ' ಅಂತ ಸಾಹೇಬನ ಹುಕುಂ ಅಂತ. ಭಾಳ ಗದ್ಲಾ ಮಾಡಿದ. ನಾನೂ ಗೂಳಪ್ಪನೂ ಕೂಡಿ ಹಿಡದು ಜ್ವಾಳದ ಕ್ವಾಣ್ಯಾಗ ಕೂಡಹಾಕೇವಿ."

ಕೆಳಗೆ ಗೂಳಪ್ಪ ಕೋಣೆಯ ಬಾಗಿಲು ತೆಗೆದ. ತಾರು ಕಚೇರಿಯ ಸಿಪಾಯಿ ಕೃಷ್ಣಾಜಿ ಮೀಸೆಯ ತುಂಬ ಧೂಳು ಹೊತ್ತು ಮೆಟ್ಟಿಲು ಹತ್ತಿ ಬಂದ. ಬೈಯಲೂ ತ್ರಾಣವಿರಲಿಲ್ಲ.

"ರಾಯರ, ಒಂದ ತಾಸಿನೊಳಗ ಇಬ್ರೂ ಬರಲಿಲ್ಲಂದ್ರ ಇಬ್ರೂ ಬರೂದ ಬ್ಯಾಡ ಅಂದಿದ್ರು ಸಾಹೇಬ್ರು. ನಿಮ್ದೂ ಹೋತು, ನಂದೂ ಹೋತು."

ಬಿಂದುಮಾಧವ ಮೆಟ್ಟಿಲ ಮೇಲೆ ಕುಸಿದು ಕುಳಿತ. ಕೃಷ್ಣಾಜಿ ದವಡೆ ಕಳಚುವಂತೆ ಆಕಳಿಸಿ, "ಇಲಿಗೋಳ ಕಾಟಕ್ಕ ಕಣ್ಣ ಮುಚ್ಚಿಲ್ರಿ," ಎಂದು ನೆಟ್ಟಗೆ ಒಳಗೆ ಹೋಗಿ ಮಂಚದ ಮೇಲೆ ಉರುಳಿದ.

"ನನ್ನ ಕೆಲಸಾ!" ಎಂದು ಬಿಂದುಮಾಧವ ಗಟ್ಟಿಯಾಗಿ ಅತ್ತ.

ಹವಾಲ್ದಾರ ಮೆಲ್ಲಗೆ ಬಾಗಿಲು ಮುಂದಕ್ಕೆಳೆದು, ಕೋಲನ್ನು ಮತ್ತೆ ಹೆಗಲಿಗೇರಿಸಿ, ತುಟಿಯ ಮೇಲೆ ಬೆರಳಿಟ್ಟ.

"ಶ್! ಸಪ್ಪಳ ಮಾಡಬ್ಯಾಡ್ರಿ ರಾಯರ. ಒಳಗ ಮಲಗ್ಯಾರ."