ಕರೆಯದವರಿಗೂ ಸೀರೆ

ಇನ್ನೂರು ಸೀರೆಯ ವ್ಯವಹಾರ. ಬಾದಾಮಿಯ ಕಾಳಿನ ವ್ಯಾಪಾರಿಯೊಬ್ಬರು ಮಗಳ ಮದುವೆಯಲ್ಲಿ ನೆಂಟರಿಗೆಲ್ಲ ಉಡುಗೊರೆಯಾಗಿ ಆಯೇರ ಮಾಡಲು ಇಳಕಲ್ಲಿನ ನನ್ನ ಅಂಗಡಿಗೆ ಹೇಳಿದ್ದರು. ಮಾಲು ನೇಯಿಸಿ ಅಟ್ಟಕ್ಕೇರಿಸಿದೆ, ಕೊರೋನಾದ ಎರಡನೇ ಅಲೆ ಬಂತು. ಮದುವೆಗೆ ನಲವತ್ತೇ ಜನ ಎಂದಿತು ಸರ್ಕಾರ. ವ್ಯಾಪಾರಿ ಫೋನ್ ಮಾಡಿ, “ಇಪ್ಪತ್ತು ಸಾಕ್ರಿ” ಅಂದರು. ಇಂಥ ಕಾಲದಲ್ಲಿ ನಗುವಂಥದ್ದು ಏನಿರುತ್ತದೆ ಎನ್ನುವವರು ಅಂಗಡಿ ಇಟ್ಟು ನೋಡಬೇಕು. ದಿನಾ ಒಂದು ನಡೆಯುತ್ತದೆ.

ಮುಟ್ಟಿ ನೋಡುವುದು

ಇಪ್ಪತ್ತನ್ನು ವಿಡಿಯೋ ಕಾಲಿನಲ್ಲಿ ಆರಿಸಿದವರು ಮದುಮಗಳ ಸೋದರತ್ತೆ.

“ಮೆತ್ತಗ ಐತೇನ್ರಿ?”

“ಬೆಣ್ಣಿ ಇದ್ದಂಗ ಐತ್ರಿ.”

“ಮಾರಾವ್ರು ಮತ್ತೇನ ಅಂತೀರಿ? ಬಾಜೂ ಅಂಗಡಿಯವ್ರು ಮುಟ್ಟಿ ಹೇಳ್ಲಿ.”

ಕರೆದೆ. ಅವನದೂ ಸೀರೆ ಅಂಗಡಿಯೇ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಸೆರಗು ಹಿಚುಕಿ, “ಮಾಲು ಚಲೋ ಐತ್ರಿ ಅಕ್ಕಾರ. ರೇಟ್ ಎಷ್ಟ ಹೇಳ್ಯಾನ?” ಅಂದ.

ನನ್ನವು ಹದಿನೇಳು ಹೋದವು. ಅವನವು ಮೂರು.

ಅವಶ್ಯಕ ವಸ್ತು

ಸೀರೆ ಗಂಟು ಹಾಕಿಕೊಂಡು ಬಾದಾಮಿಗೆ ಹೊರಟಾಗ ಹುನಗುಂದದ ಹತ್ತಿರ ಪೊಲೀಸರು ನನ್ನ ಗಾಡಿ ತಡೆದರು.

“ಹಾಲು, ಔಷಧ, ಕಾಯಿಪಲ್ಲೆ ಅಷ್ಟ ಬಿಡ್ತೇವಿ. ಸೀರಿ ಅವಶ್ಯಕ ವಸ್ತು ಅಲ್ಲ.”

“ಈ ಮಾತು ಮನಿಯಾಗ ಒಂದ್ಸಲ ಹೇಳಿ ನೋಡ್ರಿ, ಸಾಹೇಬ್ರ.”

ಸಾಹೇಬರು ಮಾಸ್ಕ್ ಮೇಲಕ್ಕೆ ಎಳೆದುಕೊಂಡು ಬ್ಯಾರಿಕೇಡ್ ಸರಿಸಿದರು.

“ಬರೋಮುಂದ ಅಂಗಡಿ ಕಾರ್ಡ್ ಕೊಟ್ಟು ಹೋಗ್ರಿ.”

ಸಿಟ್ಟಿನವರು

ಮದುವೆಯಾಗಿ ವಾರಕ್ಕೆ ವ್ಯಾಪಾರಿಯ ಫೋನ್. ದನಿ ಬಿದ್ದಿತ್ತು.

“ಬಂದಾವ್ರು ಉಂಡು ಸುಮ್ಮನ ಹೋದ್ರು. ಕರೀದ ಇದ್ದಾವ್ರು ಸಿಟ್ಟಾಗ್ಯಾರ. ಚೊಳಚಗುಡ್ಡದ ದೊಡ್ಡವ್ವ ಫೋನ್ ಎತ್ತವಲ್ಲಳು. ಕೆರೂರ ಕಾಕಾ ಎತ್ತಿ ಬೈತಾನ. ಅಟ್ಟದ ಮ್ಯಾಗ ಇದ್ದದ್ದೆಲ್ಲಾ ಕಳಸ್ರಿ, ಮನಿ ಮನಿಗೆ ಮುಟ್ಟಸ್ತೇನಿ.”

ಉಳಿದ ನೂರಾ ಎಂಬತ್ಮೂರೂ ಕಟ್ಟಿಸಿದೆ. ಗಾಡಿ ಹೊರಡುವ ಹೊತ್ತಿಗೆ ಮತ್ತೆ ಫೋನ್.

“ಇನ್ನೊಂದು ಹಗುರಂದು ಹಾಕ್ರಿ. ಒಬ್ರು ಉಳದಾರ, ಅಷ್ಟೇನ ಹತ್ರದಾವ್ರಲ್ಲ. ಬಣ್ಣ ಕುಂದಿದ್ರೂ ನಡೀತೈತಿ.”

ಎರಡು ವರ್ಷ ಅಂಗಡಿ ಮುಂದೆ ಬಿಸಿಲಿಗೆ ತೂಗಿದ್ದ ಸೀರೆ ಇಳಿಸಿ ಹಾಕಿದೆ. ಪೂರ್ತಿ ರೇಟಿಗೇ ಹಾಕಿದೆ.

ಮರುದಿನ ಗಾಡಿ ತಿರುಗಿ ಬಂತು. ಡ್ರೈವರ್ ಒಂದು ಪೊಟ್ಟಣ ನನ್ನ ಹೆಂಡತಿಯ ಕೈಗಿಟ್ಟ.

“ಮದುವಿಗೆ ಕರಿಯಾಕ ಆಗ್ಲಿಲ್ಲ, ಸಿಟ್ಟಾಗಬ್ಯಾಡ್ರಿ ಅಂತ ಬಾದಾಮಿಯವ್ರು ಹೇಳ್ಯಾರ್ರಿ.”

ಅವಳು ಬಿಚ್ಚಿ, ಕುಂದಿದ ಅಂಚು ನೋಡಿ, ನನ್ನನ್ನು ನೋಡಿದಳು.

“ಮೆತ್ತಗರ ಐತೇನು?” ಅಂದೆ.

“ಬಾಜೂ ಅಂಗಡಿಯವ್ರನ್ನ ಕೇಳ್ರಿ.”

ಒಟ್ಟು ಲೆಕ್ಕ: ಇನ್ನೂರರ ವ್ಯವಹಾರದಲ್ಲಿ ಇನ್ನೂರಾ ಒಂದು ಮಾರಿದೆ. ರೊಕ್ಕ ಪೂರ್ತಿ ಬಂತು. ಮೇಲೆ ಲಾಭವೆಂದು ಒಂದು ಸೀರೆ. ಅದು ಈಗ ಮತ್ತೆ ಅಂಗಡಿಯ ಮುಂದೆ ತೂಗುತ್ತಿದೆ.