ಫಿಂಟನ್‌ನ ಮೌನವ್ರತ

ಎಲ್ಲದಕ್ಕೂ ಮೂಲ ಒಂದು ಎಲೆಕೋಸು. ಫಿಂಟನ್ ಅದನ್ನು ಮೊಟ್ಟೆಗಳ ಮೇಲೆ ಇಟ್ಟುಬಿಟ್ಟ.

ಬೇಸಿಗೆ ರಜೆಯಲ್ಲಿ ಶಾಲೆಯ ಮಕ್ಕಳ ತಂಡವೊಂದು ಮಲಾವಿ ಎಂಬ ದೂರದ ದೇಶಕ್ಕೆ ಹೋಗಿ, ಅಲ್ಲಿನ ಹಳ್ಳಿಶಾಲೆಗೆ ಗೋಡೆ ಕಟ್ಟಿ ಬಣ್ಣ ಬಳಿದು ಬರುವುದೆಂದು ತೀರ್ಮಾನವಾಗಿತ್ತು. ಅವರವರ ಖರ್ಚಿನ ಹಣವನ್ನು ಅವರವರೇ ಊರಲ್ಲಿ ಎತ್ತಬೇಕು. ಕೆಲವರು ಕೇಕ್ ಮಾರಿದರು, ಕೆಲವರು ಚಂದಾ ಕೊಡುವವರೆದುರು ತಲೆ ಬೋಳಿಸಿಕೊಂಡರು. ಫಿಂಟನ್ ಅಂಗಡಿಯಲ್ಲಿ ಗಿರಾಕಿಗಳ ಚೀಲ ತುಂಬಿಕೊಡಲು ನಿಂತ. ಕೈಗಿಂತ ಬಾಯಿ ಜೋರಾಗಿ ಓಡುವ ಹುಡುಗ. ಹರಟುತ್ತ ಹರಟುತ್ತ ನೆರೆಮನೆಯ ಡಿಂಪ್ನಾಳ ಮೊಟ್ಟೆಗಳನ್ನು ಚೀಲದಲ್ಲೇ ಆಮ್ಲೆಟ್ಟಿಗೆ ಸಿದ್ಧಮಾಡಿಬಿಟ್ಟ.

"ನಿನ್ ಬಾಯಿಗೆ ಬೀಗ ಹಾಕ್ಕೋ, ಆಗ ದುಡ್ಡು ಕೊಡ್ತೀನಿ!" ಎಂದಳು ಡಿಂಪ್ನಾ, ಹಳದಿ ತೊಟ್ಟಿಕ್ಕುವ ಚೀಲ ಎತ್ತಿಹಿಡಿದು.

ತಂಡದ ಮುಖಂಡರಾದ ಹ್ಯಾನ್ಲಿ ಮಾಸ್ತರರಿಗೆ ಈ ಮಾತು ಹಿಡಿಸಿತು. ಶನಿವಾರ ಬೆಳಿಗ್ಗೆಯಿಂದ ಚರ್ಚಿನ ಸಂಜೆ ಗಂಟೆ ಹೊಡೆಯುವವರೆಗೆ ಫಿಂಟನ್ ಮೌನವ್ರತ ಹಿಡಿಯಬೇಕು. ಬರೆದು ತೋರಿಸುವಂತಿಲ್ಲ, ಫೋನ್ ಮುಟ್ಟುವಂತಿಲ್ಲ; ಗಂಟೆ ಹೊಡೆಯುವಾಗ ಶಾಲೆಯ ಗೇಟಿನಲ್ಲಿ ಮಾಸ್ತರರ ಎದುರು ನಿಂತಿರಬೇಕು. ಒಂದೇ ಒಂದು ಪದ ಜಾರಿದರೂ ಯಾರೂ ಬಿಡಿಗಾಸು ಕೊಡಬೇಕಿಲ್ಲ; ಮಲಾವಿಯೂ ಇಲ್ಲ. ಕೇಕಿಗೆ ಜೇಬು ಬಿಚ್ಚದವರೂ ಗೆದ್ದರೆ ಇಷ್ಟು ಕೊಡುತ್ತೇವೆಂದು ಮುಗಿಬಿದ್ದು ಹೆಸರು ಬರೆಸಿದರು. ಪಾದ್ರಿಗಳಂತೂ, "ಎರಡು ದಿನ ಮಾಡೋಕಾಗಲ್ವಾ?" ಎಂದು ಆಸೆಯಿಂದ ಕೇಳಿದರು.

ಶನಿವಾರ ಫಿಂಟನ್‌ನನ್ನು ಸಾಕುತ್ತಿದ್ದ ಪೆಗ್ ಅಜ್ಜಿ ನಸುಕಿನಲ್ಲೇ ಎದ್ದು ದೂರದ ನಾಕ್ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೊರಟುಹೋದಳು. ಒಂಟಿಯಾದ ಫಿಂಟನ್‌ಗೆ ದಿಗಿಲು. ಕಿಟಕಿಯಲ್ಲಿ ಯಾರಾದರೂ ಕಂಡರೆ ಬಾಯಿ ತಾನಾಗಿ ತೆರೆದುಕೊಂಡೀತು! ಅದಕ್ಕೇ ಮನೆಯ ಪರದೆಗಳನ್ನೆಲ್ಲ ಎಳೆದು ಕತ್ತಲು ಮಾಡಿಕೊಂಡು ಕೂತ.

ಅದೇ ತಪ್ಪಾಯಿತು. ಆ ಸೀಮೆಯಲ್ಲಿ ಹಗಲಲ್ಲಿ ಪರದೆ ಎಳೆಯುವುದು ಮನೆಯಲ್ಲಿ ಸಾವಾದಾಗ ಮಾತ್ರ.

ಡಿಂಪ್ನಾ ಓಡಿಬಂದಳು. "ಯಾಕೋ ಪುಟ್ಟಾ? ಅಜ್ಜಿ ಎಲ್ಲಿ?"

ಫಿಂಟನ್ ಕೈಮುಗಿದು ತೋರಿಸಿದ: ಪ್ರಾರ್ಥನೆಗೆ. ಆಮೇಲೆ ಕೈಯೆತ್ತಿ ದೂರ ತೋರಿಸಿದ: ಬಹಳ ದೂರ.

"ಅಯ್ಯೋ ದೇವರೇ! ನಿನ್ನೆ ತಾನೇ ನನ್ ಜೊತೆ ಜಗಳ ಆಡಿದ್ಲಲ್ಲೋ!"

ಫಿಂಟನ್ ಇಲ್ಲ ಇಲ್ಲ ಎಂದು ತಲೆಯಾಡಿಸಿದ. "ನಂಬೋಕಾಗ್ತಿಲ್ಲ ಅಲ್ವಾ? ನಂಗೂ ಅಷ್ಟೇ," ಎಂದು ಅವಳು ಅವನನ್ನು ತಬ್ಬಿಕೊಂಡು ಅತ್ತಳು. ವ್ರತದ ವಿಷಯ ನೆನಪಿದ್ದವರು ಕೂಡ, "ಪಾಪ, ಇಂಥಾ ದಿನವೇ ಆಗ್ಬೇಕಿತ್ತಾ!" ಎಂದು ಕರಗಿದರು. ಮಧ್ಯಾಹ್ನದೊಳಗೆ ಮನೆ ತುಂಬ ಜನ, ಮೇಜಿನ ತುಂಬ ಹಂದಿಮಾಂಸದ ಹ್ಯಾಮ್ ಇಟ್ಟ ಸ್ಯಾಂಡ್‌ವಿಚ್ಚು. ಒಬ್ಬೊಬ್ಬರೂ ಕೈಕುಲುಕಿ, "ನಿನ್ ಕಷ್ಟಕ್ಕೆ ಬೇಜಾರಾಯ್ತಪ್ಪಾ," ಎಂದು ಹೇಳಿ ಚಹಾದ ಕಡೆ ನಡೆದರು. ಫಿಂಟನ್‌ನ ತುಟಿಗಳು ಕುದಿಯುವ ಕುಕ್ಕರಿನ ಮುಚ್ಚಳದಂತೆ ಅದುರುತ್ತಿದ್ದವು. ದುಃಖ ತಡೆಯಲಾಗುತ್ತಿಲ್ಲ ಪಾಪ, ಎಂದರು ಜನ.

ಸಂಜೆಯ ಹೊತ್ತಿಗೆ ಪೆಗ್ ಅಜ್ಜಿ ಒಳಗೆ ಬಂದಳು. ಗುಂಪು ಕಂಡು ಸದ್ದಿಲ್ಲದೆ ಶಿಲುಬೆ ಗುರುತು ಮಾಡಿಕೊಂಡು ಒಂದು ಸ್ಯಾಂಡ್‌ವಿಚ್ ಎತ್ತಿಕೊಂಡಳು.

"ಯಾರು ಹೋದ್ರು?" ಪಕ್ಕದವಳನ್ನು ಪಿಸುಗುಟ್ಟಿ ಕೇಳಿದಳು.

ಪಕ್ಕದವಳು ಡಿಂಪ್ನಾ. ಕೈಯಲ್ಲಿದ್ದ ಚಹಾದ ಕಪ್ಪು ನೆಲಕ್ಕೆ ಬಿತ್ತು. "ನೀನೇ ಕಣೇ, ಪೆಗ್!"

"ಹೌದಾ?" ಅಜ್ಜಿ ಅಗಿಯುವುದನ್ನು ನಿಲ್ಲಿಸಲಿಲ್ಲ. "ಹಾಗಾದ್ರೆ ಹ್ಯಾಮಿಗೆ ಇನ್ನೊಂಚೂರು ಖರ್ಚು ಮಾಡ್ಬಹುದಿತ್ತು."

ಗದ್ದಲ ಅಡಗಿ, ಫಿಂಟನ್ ಇಷ್ಟಕ್ಕೂ ತುಟಿ ಬಿಚ್ಚಿಲ್ಲವೆಂಬುದು ಹೊಳೆದಾಗ ಜನಕ್ಕೆ ಅಭಿಮಾನ ಉಕ್ಕಿತು. "ನನ್ ಸಾವನ್ನೇ ನುಂಗ್ಕೊಂಡು ಕೂತನಲ್ರೇ!" ಎಂದು ಅಜ್ಜಿ ಅವನ ಬೆನ್ನು ಚಪ್ಪರಿಸಿದಳು. ಗಂಟೆ ಹೊಡೆಯುವಾಗ ಮಾಸ್ತರರ ಎದುರಿಗೆ ನಿಲ್ಲಬೇಕಲ್ಲ; ಸತ್ತವಳೂ ಅತ್ತವರೂ ಒಟ್ಟಿಗೆ ಊರಿನ ಡ್ರೈವರ್ ಟೈಗ್‌ನ ಬಸ್ಸು ಹತ್ತಿ ಅವನನ್ನು ಶಾಲೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಡಿಂಪ್ನಾ ಅವನ ಬಾಯಿಗೆ ತನ್ನ ಅಂಗೈಯನ್ನೇ ಒತ್ತಿಹಿಡಿದಿದ್ದಳು.

ಶಾಲೆ ಬಂತು. ಗೇಟಿನಲ್ಲಿ ಹ್ಯಾನ್ಲಿ ಮಾಸ್ತರರು ಚರ್ಚಿನ ಕಡೆ ಕಿವಿಗೊಟ್ಟು ನಿಂತಿದ್ದರು. ಅವನು ಇಳಿಯಲೆಂದು ಡಿಂಪ್ನಾ ಕೈ ತೆಗೆದಳು. ಫಿಂಟನ್ ಮೆಟ್ಟಿಲು ಇಳಿದ.

ಫಿಂಟನ್‌ನ ದೇಶದಲ್ಲಿ ಬಸ್ಸು ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದನ್ನು ಯಾರೂ ಕಲಿಸುವುದಿಲ್ಲ. ಅದು ಹಾಲುಹಲ್ಲಿನ ಜೊತೆಗೇ ಬರುತ್ತದೆ.

"ಥ್ಯಾಂಕ್ಸ್," ಎಂದ ಫಿಂಟನ್.

ಬಸ್ಸಿಗೆ ಬಸ್ಸೇ ಉಸಿರು ಬಿಗಿಹಿಡಿಯಿತು. ಮಾಸ್ತರರು ತಿರುಗಿದರು. ಅವರಿಗೆ ಒಂದು ಕಿವಿ ಮಂದ. "ಏನದು? ಯಾರು ಮಾತಾಡಿದ್ದು?"

"ನಾನೇ, ಸಾರ್," ಎಂದ ಟೈಗ್ ಸೀಟಿನಿಂದ. "ಬಸ್ಸಿಗೆ ಥ್ಯಾಂಕ್ಸ್ ಹೇಳ್ದೆ. ಇವತ್ತು ಎಲ್ಲೂ ಕೆಟ್ಟು ನಿಲ್ಲಲಿಲ್ಲ ನೋಡಿ."

"ದಿನಾ ಹೇಳ್ತಾನೆ," ಎಂದಳು ಡಿಂಪ್ನಾ.

"ಪಾದ್ರಿಗಳ ಹತ್ರ ಬೇಕಾದ್ರೂ ಹೇಳ್ತೀನಿ," ಎಂದಳು ಅಜ್ಜಿ, ಯಾತ್ರೆಯ ಪುಣ್ಯ ಇನ್ನೂ ಆರುವ ಮೊದಲೇ.

ಮಾಸ್ತರರು ತಲೆಯಾಡಿಸಿ ಮತ್ತೆ ಚರ್ಚಿನ ಕಡೆ ತಿರುಗಿದರು.

ಫಿಂಟನ್‌ನ ಕಣ್ಣು ತುಂಬಿಬಂತು. ತನಗಾಗಿ ಊರಿಗೆ ಊರೇ ಸುಳ್ಳು ಹೇಳುತ್ತಿದೆ! ಅವನು ಬಸ್ಸಿನ ಕಡೆ ತಿರುಗಿದ. ಇಡೀ ದಿನ ಎದೆಯಲ್ಲಿ ಕಟ್ಟಿಹಾಕಿದ್ದ ದನಿಯೆಲ್ಲ ಒಮ್ಮೆಗೇ ನುಗ್ಗಿ, ಮಾಸ್ತರರ ಮಂದ ಕಿವಿಯೂ ಬೆಚ್ಚಿಬೀಳುವಂತೆ ಹೊರಬಂತು:

"ತುಂಬಾ ಥ್ಯಾಂಕ್ಸ್, ಟೈಗ್!"

ಆಮೇಲೆ ಚರ್ಚಿನ ಗಂಟೆ ಹೊಡೆಯಿತು.