ಗುರಿ ಇಪ್ಪತ್ತು

ಎಲ್ಲದಕ್ಕೂ ಮೂಲ ಒಂದು ಪ್ಯಾಂಟು.

ಮೂರು ವಾರದ ಹಿಂದೆ ಅಗ್ನಿಶಾಮಕ ಠಾಣೆಯ ಇಪ್ಪತ್ತು ಜನಕ್ಕೂ ಹೊಸ ಸಮವಸ್ತ್ರ ಹೊಲಿಯಲು ದರ್ಜಿಯೊಬ್ಬ ಬಂದಿದ್ದ. ಡ್ರೈವರಣ್ಣ ತನ್ನ ಸರದಿ ಬಂದಾಗ ಅವನ ಕಿವಿಯಲ್ಲಿ ಒಂದು ಗುಟ್ಟು ಹೇಳಿದ. ಊಟ ಮಾಡಿ ಸ್ಟೇರಿಂಗ್ ಮುಂದೆ ಕೂತರೆ ಸೊಂಟದ ಪಟ್ಟಿ ಹೊಟ್ಟೆ ಕೊಯ್ಯುತ್ತೆ, ಐದಿಂಚು ಹೆಚ್ಚಿಗೆ ಬರೆದುಕೋ ಮಾರಾಯ, ಹೇಗೂ ಪ್ಯಾಂಟು ಎತ್ತಿ ಹಿಡಿಯೋಕೆ ಎರಡು ಭುಜದ ಪಟ್ಟಿ ಇವೆ, ಜಾರಿ ಬೀಳಲ್ಲ ಅಂತ. ದರ್ಜಿ ಮೂವತ್ತೇಳನ್ನು ನಲವತ್ತೆರಡು ಮಾಡಿ ಅಳತೆ ಪುಸ್ತಕದಲ್ಲಿ ಬರೆದುಕೊಂಡ. ಸಾಲಿನಲ್ಲಿ ಹಿಂದೆ ನಿಂತಿದ್ದ ಏಣಿ ಆಗ ಆಕಳಿಸುತ್ತಿದ್ದ.

ಏಣಿ ಅಂದರೆ ಮನುಷ್ಯ. ಹನ್ನೊಂದು ವರ್ಷದಿಂದ ಫೈರ್ ಇಂಜಿನ್ನಿನ ಉದ್ದ ಏಣಿಯ ತುದಿಗೆ ಹತ್ತಿ ನೀರು ಬಿಡುವ ಕೆಲಸ ಅವನದು. ಒಣಗಿದ ನುಗ್ಗೇಕಾಯಿಗೆ ಟೋಪಿ ಇಟ್ಟ ಹಾಗೆ ಇದ್ದ. ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳುತ್ತಿತ್ತು.

ಡ್ರೈವರಣ್ಣನ ಪ್ರಾಣ ಇದ್ದದ್ದು ಆ ಇಂಜಿನ್ನಿನ ಸೀಟಿನಲ್ಲಿ. ಹತ್ತೊಂಬತ್ತು ವರ್ಷ ಕೂತು ಕೂತು ಸೀಟಿನಲ್ಲಿ ಅವನ ಆಕಾರದ ಹಳ್ಳ ಬಿದ್ದಿತ್ತು. ಅವನು ಡ್ರೈವರ್ ಆಗಲು ಇನ್ನೊಂದು ಕಾರಣವೂ ಇತ್ತು, ಅದನ್ನು ಹೆಂಡತಿ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅವನಿಗೆ ಎತ್ತರ ಕಂಡರೆ ಆಗದು. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವಳು ಹೆಂಡತಿ, ಕೆಳಗೆ ಕಣ್ಣು ಮುಚ್ಚಿಕೊಂಡು ಸ್ಟೂಲು ಹಿಡಿಯುವವನು ಇವನು.

ಅಂಥವನು ಆ ದಿನ ಬೆಳಗ್ಗೆ ಒಂಬತ್ತಕ್ಕೆ ಬಗಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಸಿಳ್ಳೆ ಹಾಕುತ್ತ ಠಾಣೆಗೆ ಬಂದರೆ, ನೋಟಿಸ್ ಬೋರ್ಡಿನ ಮುಂದೆ ಜನ. ಅವನನ್ನು ನೋಡಿ ಎಲ್ಲರೂ ದಾರಿ ಬಿಟ್ಟರು. ಸತ್ತವರ ಮನೆಗೆ ಹತ್ತಿರದ ನೆಂಟ ಬಂದಾಗ ಬಿಡುತ್ತಾರಲ್ಲ, ಹಾಗೆ.

ಕೇಂದ್ರ ಕಚೇರಿಯಿಂದ ಹೊಸ ಆಜ್ಞೆ ಬಂದಿತ್ತು. ಇನ್ನು ಮೇಲೆ ತೂಕ ನೋಡುವುದಿಲ್ಲ, ಮೈಯಲ್ಲಿ ಕೊಬ್ಬು ಶೇಕಡ ಎಷ್ಟು ಅಂತ ನೋಡುತ್ತಾರೆ. ಇಪ್ಪತ್ತೈದು ದಾಟಿದವರನ್ನು ಗಾಡಿಯಿಂದ ಇಳಿಸಿ ಕಡತದ ಕೋಣೆಗೆ ಹಾಕಬೇಕು. ಕೆಳಗೆ ಎಲ್ಲರ ಲೆಕ್ಕ. ಏಣಿ ಇಪ್ಪತ್ತೊಂದು, ಎಲ್ಲರಿಗಿಂತ ಕಡಿಮೆ. ಉಳಿದವರೆಲ್ಲ ಇಪ್ಪತ್ತಮೂರು, ಇಪ್ಪತ್ತನಾಲ್ಕು. ಡ್ರೈವರಣ್ಣ ಮೂವತ್ತು.

ಅದರ ಕೆಳಗೂ ಏನೋ ಇತ್ತು. ಆದರೆ ಅಲ್ಲಿಗೆ ಸರಿಯಾಗಿ ಈ ವಾರ ಪಾತ್ರೆ ತೊಳೆಯುವವರ ಪಟ್ಟಿಯನ್ನು ಯಾರೋ ನಾಲ್ಕು ಪಿನ್ನು ಚುಚ್ಚಿ ಸಿಕ್ಕಿಸಿದ್ದರು. ಆ ಪಟ್ಟಿ ಮುಟ್ಟಿದವರ ತಲೆಗೇ ಪಾತ್ರೆ ಕಟ್ಟುತ್ತಾರೆ ಅನ್ನುವುದು ಠಾಣೆಯ ಹಳೆಯ ಅನುಭವ. ಯಾರೂ ಅತ್ತ ಕೈ ಒಯ್ಯಲಿಲ್ಲ.

ಡ್ರೈವರಣ್ಣನ ಸಿಳ್ಳೆ ಬಾಯಲ್ಲೇ ಹೆಪ್ಪುಗಟ್ಟಿತು.

"ಮೂವತ್ತು ಅಂದ್ರೆ..." ಅಂದ, ಬೆರಳು ಮಡಚುತ್ತ. "ನನ್ನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ನಾನಲ್ಲ, ಬರೀ ಕೊಬ್ಬಾ?"

ಆ ಒಂದು ಪಾಲು ಎಲ್ಲಿದೆ ಅಂತ ಎಲ್ಲರೂ ಅವನ ಹೊಟ್ಟೆ ನೋಡಿದರು.

ಅವನು ಕಚೇರಿಯ ಕಿಟಕಿಗೆ ಓಡಿದ. ಒಳಗೆ ಗುಮಾಸ್ತೆ ಅಕ್ಕ ಲಕೋಟೆಗೆ ಗೋಂದು ಹಚ್ಚುತ್ತಿದ್ದಳು. ನನ್ನ ಮೈ ಯಾರೂ ಮುಟ್ಟಲಿಲ್ಲ, ಅಳೆಯಲಿಲ್ಲ, ಮೂವತ್ತು ಎಲ್ಲಿಂದ ಬಂತು ಅಂತ ಕೇಳಿದ. ಕತ್ತು, ಸೊಂಟ, ಎತ್ತರ ಈ ಮೂರು ಗೊತ್ತಿದ್ದರೆ ಸಾಕು, ಕೋಷ್ಟಕ ನೋಡಿದರೆ ಕೊಬ್ಬು ಎಷ್ಟು ಅಂತ ಬರುತ್ತೆ, ಎಲ್ಲ ನಮ್ಮ ದಾಖಲೆಯಲ್ಲೇ ಇದೆ ಅಂದಳು ಅವಳು. ದಾಖಲೆ ಅಂದ ಮೇಲೆ ಡ್ರೈವರಣ್ಣ ಒಪ್ಪಿಕೊಂಡುಬಿಟ್ಟ. ದಾಖಲೆಗೆ ತನಗಿಂತ ಹೆಚ್ಚು ಗೊತ್ತಿರುತ್ತೆ ಅಂತ ನಂಬಿದ ಮನುಷ್ಯ ಅವನು.

"ನಾಲ್ಕು ಗಂಟೆಗೆ ಸಾಹೇಬ್ರು ಬರ್ತಾರೆ ಅಣ್ಣ," ಅಂದಳು ಅಕ್ಕ, ಸ್ವಲ್ಪ ಕನಿಕರದಿಂದ. "ತಕರಾರು ಇದ್ದವರನ್ನ ಮತ್ತೆ ಅಳೀತಾರೆ. ಐದಕ್ಕೆ ಪಟ್ಟಿ ಹೋಗುತ್ತೆ. ಅಷ್ಟರೊಳಗೆ ಇಳಿಸ್ಕೊಳ್ಳೋ ಹಾಗಿದ್ರೆ ಇಳಿಸ್ಕೊಳ್ಳಿ."

ಕಡತದ ಕೋಣೆ ಮೆಟ್ಟಿಲ ಕೆಳಗಿತ್ತು. ಅಲ್ಲಿ ಕಿಟಕಿ ಇರಲಿಲ್ಲ, ಹಲ್ಲಿಗಳಿದ್ದವು. ಗೋಡೆಯಾಚೆ ಸೈರನ್ ಕೂಗುತ್ತಿದ್ದರೂ ಅಲ್ಲಿ ಕೂತವನು ಕಾಗದಕ್ಕೆ ದಾರ ಪೋಣಿಸುತ್ತಿರಬೇಕು. ಅದನ್ನು ನೆನೆದು ಡ್ರೈವರಣ್ಣ ಇಂಜಿನ್ನಿನ ಮೆಟ್ಟಿಲ ಮೇಲೆ ಕುಸಿದು ಕೂತ.

ಆಗ ಅವನ ಹೆಗಲ ಮೇಲೆ ಒಂದು ಉದ್ದನೆಯ ಕೈ ಬಿತ್ತು.

"ಹೆದರಬೇಡಿ ಅಣ್ಣ," ಅಂದ ಏಣಿ. "ನಾನಿದ್ದೀನಿ."

ಏಣಿಗೆ ಇಷ್ಟು ಅಂತಃಕರಣ ಇದೆ ಅಂತ ಡ್ರೈವರಣ್ಣನಿಗೆ ಗೊತ್ತೇ ಇರಲಿಲ್ಲ. ಏಣಿ ಮೊದಲು ಅವನ ಬಗಲಿನ ಡಬ್ಬಿ ಕಸಿದುಕೊಂಡ, ಇವತ್ತು ಇದು ನನ್ನ ಜವಾಬ್ದಾರಿ ಅಂತ. ಆಮೇಲೆ ಸೀಮೆಸುಣ್ಣ ತಂದು ಗ್ಯಾರೇಜಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದ. ಈಗ ಮೂವತ್ತು, ಗುರಿ ಇಪ್ಪತ್ತು.

"ಇಪ್ಪತ್ತೈದು ಸಾಕಲ್ವೇನೋ?"

"ಗುರಿ ಇಟ್ರೆ ದೊಡ್ಡದಾಗಿ ಇಡ್ಬೇಕು ಅಣ್ಣ. ಇಪ್ಪತ್ತೈದು ಅಂತ ಹೊರಟ್ರೆ ಇಪ್ಪತ್ತಾರಕ್ಕೆ ನಿಲ್ತೀರಿ. ಆಮೇಲೆ ಹಲ್ಲಿ ಜೊತೆ ಮಾತಾಡ್ಕೊಂಡು ಕೂತ್ಕೋಬೇಕು."

ಡ್ರೈವರಣ್ಣನ ಕಣ್ಣು ತುಂಬಿ ಬಂತು.

ಒಂಬತ್ತೂವರೆಯಿಂದ ಹನ್ನೊಂದರವರೆಗೆ ಅವನು ಹೆಗಲ ಮೇಲೆ ನೀರಿನ ಪೈಪು ಹೊತ್ತು ಅಂಗಳ ಸುತ್ತಿದ. ಏಣಿ ನೆರಳಲ್ಲಿ ಕೂತು ಸುತ್ತು ಎಣಿಸಿದ. ಹನ್ನೊಂದಕ್ಕೆ ಠಾಣೆಯ ಉಳಿದವರೂ ಸೇರಿಕೊಂಡರು. ಒಬ್ಬ ನೀರು ಕುಡಿಯಲೇಬಾರದು ಅಂದ, ಇನ್ನೊಬ್ಬ ನೀರು ಮಾತ್ರ ಕುಡಿಯಬೇಕು ಅಂದ, ಮೂರನೆಯವನು ತನ್ನ ಭಾವ ನಗುತ್ತ ನಗುತ್ತಲೇ ನಾಲ್ಕು ಕೇಜಿ ಇಳಿದಿದ್ದ ಅಂತ ಹೇಳಿ ಡ್ರೈವರಣ್ಣನ ಕಂಕುಳಿಗೆ ಕಚಗುಳಿ ಇಟ್ಟ. ಎದುರಿನ ಔಷಧಿ ಅಂಗಡಿಯ ಅಮ್ಮ ಕೌಂಟರಿನಿಂದಲೇ ಕೂಗಿ, ಓಡುವಾಗ ಹೊಟ್ಟೆ ಒಳಗೆಳೆದುಕೊಳ್ಳಲು ಹೇಳಿದಳು. ಹೆಂಡತಿಗೆ ಫೋನು ಮಾಡಿ ವಿಷಯ ತಿಳಿಸಿದರೆ, ಅವಳು "ರೀ, ನಿಮಗೆ ಮೂವತ್ತಾ? ನಿಮ್ಮ ತಮ್ಮನಿಗೆ ಎಷ್ಟಿರ್ಬೇಕು ಹಾಗಾದ್ರೆ?" ಅಂತ ಕೇಳಿ, ಓರಗಿತ್ತಿಗೆ ಹೇಳಲು ಫೋನು ಇಟ್ಟಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಡ್ರೈವರಣ್ಣ ಗೋಡೆ ನೋಡುತ್ತ ನಿಂತ. ತನ್ನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಎಷ್ಟೋ ವರ್ಷದಿಂದ ಕೇಳಿದ ಸದ್ದು, ಗುರುತು ಸಿಗದೆ ಇರುತ್ತದೆಯೇ? ತಿರುಗಿ ನೋಡಲು ಧೈರ್ಯ ಸಾಲಲಿಲ್ಲ.

ಮೂರಕ್ಕೆ ಏಣಿ ಕೊನೆಯ ಅಸ್ತ್ರ ತೆಗೆದ. ಬೆವರು. ಡ್ರೈವರಣ್ಣನ ಭುಜದ ಪಟ್ಟಿ ಎರಡನ್ನೂ ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡ. ಸಾಮಾನು ಒದ್ದೆಯಾಗದ ಹಾಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ಅವನ ಎದೆಯಿಂದ ತೊಡೆಯ ತನಕ ಸುತ್ತಿ ಹಗ್ಗ ಬಿಗಿದ. ಇಂಜಿನ್ನಿನ ಕ್ಯಾಬಿನ್ನಿಗೆ ಹತ್ತಿಸಿ, ಗಾಜು ಏರಿಸಿ, ಹೀಟರ್ ಹಾಕಿ, ಕಾಲ ಹತ್ತಿರ ಕುದಿಯುವ ನೀರಿನ ಬಕೀಟು ಇಟ್ಟ. ತನ್ನ ಪ್ರೀತಿಯ ಸೀಟಿನಲ್ಲೇ ಡ್ರೈವರಣ್ಣ ಹಬೆಯಲ್ಲಿ ಬೆಂದ ಗೆಣಸಿನ ಹಾಗೆ ಕೂತ. ಕನ್ನಡಿ ಕಾಣಲಿಲ್ಲ, ಸ್ಟೇರಿಂಗ್ ಕಾಣಲಿಲ್ಲ, ಕೊನೆಗೆ ತನ್ನ ಮೂಗೂ ಕಾಣಲಿಲ್ಲ. ಮುಕ್ಕಾಲು ಗಂಟೆ ಹಲ್ಲು ಕಚ್ಚಿದ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಉಸಿರು ಕಟ್ಟಿ, ತಡೆಯಲಾಗದೆ, ಗಾಜನ್ನು ಎರಡು ಬೆರಳು ಇಳಿಸಿದ.

ಬಿಳಿ ಹಬೆ ಬುಸ್ಸೆಂದು ಹೊರಗೆ ನುಗ್ಗಿತು.

ಕಚೇರಿಯಲ್ಲಿ ಫೋನು ಬಡಿದುಕೊಂಡಿತು. ಗುಮಾಸ್ತೆ ಅಕ್ಕ ಎತ್ತಿ, ರೂಢಿಯಂತೆ ಬೆಂಕಿ ಎಲ್ಲಿ ಅಂತ ಕೇಳಿದಳು.

"ನಿಮ್ಮಲ್ಲೇ ಕಣಮ್ಮಾ," ಅಂದಳು ಔಷಧಿ ಅಂಗಡಿಯ ಅಮ್ಮ. "ಗಾಡಿಗೇ ಬಿದ್ದಿದೆ."

ಗಂಟೆ ಬಡಿಯಿತು. ಹತ್ತೊಂಬತ್ತು ಜನ ಎದ್ದುಬಿದ್ದು ಅಂಗಳಕ್ಕೆ ಬಂದರು. ಊರಿನ ಬೆಂಕಿಗೆ ಗಾಡಿ ಓಡಿಸಬೇಕು. ಇಲ್ಲಿ ಅದೂ ಬೇಡ, ನೀರಿನ ಕೊಳಾಯಿ ಕೈಗೆಟಕುವ ದೂರದಲ್ಲೇ ಇತ್ತು. ಯಾರೋ ಕ್ಯಾಬಿನ್ನಿನ ಬಾಗಿಲು ಎಳೆದರು, ಮೂರು ಪೈಪುಗಳ ನೀರು ಒಟ್ಟಿಗೆ ಒಳಗೆ ನುಗ್ಗಿತು. ಡ್ರೈವರಣ್ಣ "ಅಯ್ಯೋ ನಾನು, ನಾನು ಕಣ್ರೋ" ಅಂತ ಕೂಗಿದ್ದು ನೀರಿನಲ್ಲೇ ಗುಳುಗುಳು ಆಗಿ ಹೋಯಿತು. ಬಕೀಟು ಮೊದಲು ಬಂತು. ಅದರ ಹಿಂದೆ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಮೂಟೆಯ ಹಾಗೆ, ಅವನು ಉರುಳಿ ಬಂದ.

ಉರುಳಿ ನಿಂತದ್ದು ಹೊಳೆಯುವ ಎರಡು ಬೂಟುಗಳ ಮುಂದೆ. ಬೂಟಿನೊಳಗೆ ಸಾಹೇಬರಿದ್ದರು. ಅವರು ಕೈಗಡಿಯಾರ ನೋಡುತ್ತಿದ್ದರು.

"ನಲವತ್ತೊಂದು ಸೆಕೆಂಡು," ಅಂದರು. "ನಮ್ಮ ಠಾಣೆಯಲ್ಲಿ ಇಷ್ಟು ಬೇಗ ಯಾವತ್ತೂ ಆಗಿಲ್ಲ. ಬೆಂಕಿ ಎಲ್ಲಿ?"

ಎಲ್ಲರೂ ಡ್ರೈವರಣ್ಣನನ್ನು ತೋರಿಸಿದರು. ಏಣಿ ಓಡಿ ಬಂದು ಅವನನ್ನು ಎಬ್ಬಿಸಿ ನಿಲ್ಲಿಸಿದ, ಹಗ್ಗ ಬಿಚ್ಚಿದ, ಪ್ಲಾಸ್ಟಿಕ್ ಕಳಚಿದ. ಡ್ರೈವರಣ್ಣ ನೀರು ಸುರಿಸುತ್ತಲೇ ಎದೆ ಸೆಟೆಸಿ ಸೆಲ್ಯೂಟ್ ಹೊಡೆದ. ಕೈ ಮೇಲೆ ಹೋಯಿತು, ನೀರು ಕುಡಿದು ಭಾರವಾಗಿದ್ದ ಪ್ಯಾಂಟು ಕೆಳಗೆ ಹೋಯಿತು.

ಎದುರಿನ ಔಷಧಿ ಅಂಗಡಿಯಲ್ಲಿ ಏನೋ ಒಡೆದ ಸದ್ದಾಯಿತು.

ಸಾಹೇಬರು ನಾಚಿಕೆಪಡುವ ಜಾತಿಯವರಲ್ಲ. ಅವರು ಬಗ್ಗಿ ಪ್ಯಾಂಟಿನ ಸೊಂಟ ಅಗಲಿಸಿ ನೋಡಿದರು. ಆಮೇಲೆ ಡ್ರೈವರಣ್ಣನನ್ನು ನೋಡಿದರು.

"ಇದು ಯಾರ ಪ್ಯಾಂಟ್ರೀ? ಇದರಲ್ಲಿ ನಿಮ್ಮ ಜೊತೆ ಇನ್ನೊಬ್ಬರು ಇರಬಹುದಲ್ಲ."

ಡ್ರೈವರಣ್ಣ ಹಲ್ಲು ಕಟಕಟಿಸುತ್ತ ದರ್ಜಿಯ ಗುಟ್ಟು ಒಪ್ಪಿಕೊಂಡ. ಐದಿಂಚು ಅನ್ನುವ ಮಾತು ಕೇಳಿದ್ದೇ ಗುಮಾಸ್ತೆ ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಇಪ್ಪತ್ತು ಗಂಡಸರ ಹೊಟ್ಟೆ ಯಾರು ತಬ್ಬುತ್ತಾರೆ ಅಂತ ಅವಳು ದರ್ಜಿಯ ಅಳತೆ ಪುಸ್ತಕ ನೋಡಿಯೇ ಎಲ್ಲರ ಶೇಕಡ ತೆಗೆದಿದ್ದಳು. ದಾಖಲೆ ಅಂದಿದ್ದು ಅದೇ.

ಸಾಹೇಬರು ತಾವೇ ಟೇಪು ಹಿಡಿದರು. ಕತ್ತು ಹದಿನಾರು. ಸೊಂಟ ಮೂವತ್ತಾರು. ಅಕ್ಕ ಕೋಷ್ಟಕದ ಮೇಲೆ ಬೆರಳು ಓಡಿಸಿ, ಎರಡು ಸಲ ನೋಡಿ, ನಂಬಲಾಗದೆ ಮೂರನೇ ಸಲವೂ ನೋಡಿ ಹೇಳಿದಳು. "ಇಪ್ಪತ್ತು ಸರ್."

ಠಾಣೆ ಹೋ ಎಂದಿತು. ಯಾರೋ ಅವನನ್ನು ಎತ್ತಿದರು, ಯಾರೋ ಅವನ ಪ್ಯಾಂಟು ಎತ್ತಿದರು. ಗೋಡೆಯ ಮೇಲಿನ ಸೀಮೆಸುಣ್ಣದ ಇಪ್ಪತ್ತು ನೋಡಿ ಡ್ರೈವರಣ್ಣ ಮಗುವಿನ ಹಾಗೆ ಅತ್ತ. ಏಣಿಯನ್ನು ತಬ್ಬಿಕೊಂಡು, ನೀನು ನನ್ನ ಒಡಹುಟ್ಟಿದ ತಮ್ಮನಿಗಿಂತ ಹೆಚ್ಚು ಕಣೋ ಅಂದ.

"ಶಭಾಷ್," ಅಂದರು ಸಾಹೇಬರು. "ಠಾಣೆಯಲ್ಲೇ ಎಲ್ಲರಿಗಿಂತ ಕಡಿಮೆ. ಹಾಗಾದ್ರೆ ಎರಡನೇ ಅಂಶ ಇವರಿಗೇ."

"ಯಾವ ಎರಡನೇ ಅಂಶ ಸರ್?"

ಸಾಹೇಬರು ನೋಟಿಸ್ ಬೋರ್ಡಿನ ಹತ್ತಿರ ಹೋಗಿ ಪಾತ್ರೆ ತೊಳೆಯುವವರ ಪಟ್ಟಿಯನ್ನು ಕಿತ್ತರು. ಅವರಿಗೆ ಯಾರು ಪಾತ್ರೆ ಕಟ್ಟುತ್ತಾರೆ? ಕೆಳಗಿದ್ದ ಸಾಲು ಹೊರಬಂತು. ಶೇಕಡ ಅತಿ ಕಡಿಮೆ ಇರುವವರು ಏಣಿಯ ತುದಿಯ ಕೆಲಸ ಮಾಡತಕ್ಕದ್ದು. ಈಗ ಏಣಿಯಲ್ಲಿ ಇರುವವರು ಅವರ ಜಾಗಕ್ಕೆ ಹೋಗತಕ್ಕದ್ದು. ಮೂರು ತಿಂಗಳ ತನಕ ಬದಲಾವಣೆ ಇಲ್ಲ.

ಡ್ರೈವರಣ್ಣನಿಗೆ ನೆಲವೇ ಸ್ಟೂಲಿನ ಹಾಗೆ ಅಲ್ಲಾಡಿತು. ಬೆಳಗ್ಗೆ ಮೂವತ್ತು ಓದಿದಾಗ ಹೋಗಿದ್ದ ಜೀವ ಈಗ ಇನ್ನೊಂದು ಸಲ ಹೋಯಿತು. ಅವನು ಅಕ್ಕನ ಕಡೆ ತಿರುಗಿ, ಬೆಳಗ್ಗೆ ನನಗೆ ನಿಜವಾಗಿ ಎಷ್ಟಿತ್ತು ಅಂತ ಪಿಸುಗುಟ್ಟಿದ. ಅವಳು ಮೂವತ್ತೇಳರ ಸಾಲು ನೋಡಿದಳು. ಇಪ್ಪತ್ತೆರಡು. ಸುಮ್ಮನೆ ಡಬ್ಬಿ ಉಂಡು, ಒಂದು ನಿದ್ದೆ ತೆಗೆದು, ನಾಲ್ಕು ಗಂಟೆಗೆ ಟೇಪಿನ ಮುಂದೆ ನಿಂತಿದ್ದರೆ ಏಣಿಗಿಂತ ಒಂದು ಹೆಚ್ಚು. ಗಾಡಿಯೂ ಉಳಿಯುತ್ತಿತ್ತು, ಸೀಟೂ ಉಳಿಯುತ್ತಿತ್ತು.

"ಲೋ ಏಣಿ," ಅಂದ. "ನಿನಗೆ ಈ ಎರಡನೇ ಅಂಶ ಗೊತ್ತಿತ್ತಾ?"

ಏಣಿ ಒದ್ದೆ ಸೀಟನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ.

"ಪಾತ್ರೆ ಪಟ್ಟಿ ಸಿಕ್ಕಿಸಿದ್ದು ನಾನೇ ಅಣ್ಣ," ಅಂದ, ಬಹಳ ಮರ್ಯಾದೆಯಿಂದ. "ದರ್ಜಿ ಕಿವೀಲಿ ನೀವು ಐದಿಂಚು ಅಂದಾಗ ಹಿಂದೆ ನಿಂತಿದ್ದೂ ನಾನೇ. ಹನ್ನೊಂದು ವರ್ಷ ಆಯ್ತು, ಮೇಲೆ ಗಾಳಿ ತುಂಬಾ." ಜೇಬಿನಿಂದ ಎರಡು ಭುಜದ ಪಟ್ಟಿ ತೆಗೆದು ಕೊಟ್ಟ. ಅವುಗಳ ಜೊತೆ, ದೊಡ್ಡ ಗಾಡಿ ಓಡಿಸಲು ಏಣಿ ಮಾಡಿಸಿಕೊಂಡಿದ್ದ ಹೆವಿ ಲೈಸೆನ್ಸೂ ಹೊರಬಂತು. ಅದನ್ನು ಮಾತ್ರ ಮತ್ತೆ ಒಳಗೆ ಇಟ್ಟುಕೊಂಡ.

ಅಟ್ಟ ಹತ್ತಿಸಿ ಏಣಿ ತೆಗೆದವರ ಕಥೆ ಡ್ರೈವರಣ್ಣ ಕೇಳಿದ್ದ. ಏಣಿಯನ್ನೇ ಕೈಗೆ ಕೊಟ್ಟವನನ್ನು ಈಗ ನೋಡಿದ.

ಅಷ್ಟರಲ್ಲಿ ಹೆಂಡತಿಯ ಫೋನು. ಪಾಸಾದಿರಾ ಅಂತ ಕೇಳಿದಳು.

"ಪಾಸಾದೆ ಕಣೇ," ಅಂದ. "ಸ್ವಲ್ಪ ಜಾಸ್ತಿನೇ ಪಾಸಾದೆ. ಇನ್ಮೇಲೆ ಮನೆ ಬಲ್ಬು ನಾನೇ ಹಾಕ್ತೀನೇನೋ."

ಅವಳಿಗೆ ಅರ್ಥವಾಗಲಿಲ್ಲ. ಅವನು ಗೋಡೆಯ ಹತ್ತಿರ ಹೋಗಿ, ಒದ್ದೆ ತೋಳಿನಿಂದ ಇಪ್ಪತ್ತನ್ನು ಒರೆಸಿ, ಗುರಿ ಇಪ್ಪತ್ತೆರಡು ಅಂತ ಬರೆದ. ಐದಕ್ಕೆ ಪಟ್ಟಿ ಹೋಗಲು ಇನ್ನೂ ಅರ್ಧ ಗಂಟೆ ಇತ್ತು. ಅರ್ಧ ಗಂಟೆಯಲ್ಲಿ ಒಂದಿಂಚು ಏರಿಸಲು ಸಾಧ್ಯವಿಲ್ಲವೇ? ಊಟದ ಕೋಣೆಗೆ ಓಡಿ ಮೇಜಿನ ಮೇಲಿದ್ದ ತನ್ನ ಡಬ್ಬಿಯನ್ನು ಎದೆಗವಚಿಕೊಂಡು ಮುಚ್ಚಳ ತೆಗೆದ.

ಒಳಗೆ ಒಂದು ಅಗುಳೂ ಇರಲಿಲ್ಲ. ಇಷ್ಟು ಚೊಕ್ಕವಾಗಿ ಹೆಂಡತಿ ಕೂಡ ಬೆಳಗುತ್ತಿರಲಿಲ್ಲ.

ಗಂಟೆ ಬಡಿಯಿತು. ಈ ಸಲ ನಿಜವಾದದ್ದು. ಅಕ್ಕ ಕಿಟಕಿಯಿಂದ ವಿಳಾಸ ಓದಿ, ಐದನೇ ಮಹಡಿ ಅಂದಳು. ಹೊರಗೆ ಹೊಸ ಡ್ರೈವರ್ ಸೀಟನ್ನು ಹಿಂದಕ್ಕೆ ಸರಿಸಿ, ಕನ್ನಡಿ ಸರಿಮಾಡಿ, ಹಾರನ್ ಒಂದು ಸಲ ಒತ್ತಿ ನೋಡಿದ.

"ಹತ್ತಿ ಅಣ್ಣ," ಅಂತ ಕೂಗಿದ. "ಕೆಳಗೆ ಮಾತ್ರ ನೋಡ್ಬೇಡಿ."